ಕೈಗೆ ಕೊಟ್ಟ ಬೆಳ್ಳುಳ್ಳಿ ಉಪ್ಪು

ಕಳ್ಳರು, ದೆವ್ವ, ಹಾವು ಇವೆಲ್ಲ ಸ್ವಂತ ಮನೆಯಿದ್ದವರ ಭಯಗಳು. ಬಾಡಿಗೆಯವರಾದ ನಮಗೆ ಇರುವುದು ಒಂದೇ ಭಯ, ಓನರಮ್ಮನ ಮುಖ. ಕಾಮಾಕ್ಷಿಪಾಳ್ಯದಲ್ಲಿ ನಾವು ಕೆಳಗೆ, ಓನರಮ್ಮ ಜಯಮ್ಮನವರು ಮಹಡಿಯಲ್ಲಿ. ನಮಗಿಂತ ಮುಂಚೆ ಇದ್ದವರು ಅವರೊಂದಿಗೆ ನಲ್ಲಿಯ ಹತ್ತಿರ ಜಗಳವಾಡಿ ಗಂಟುಮೂಟೆ ಕಟ್ಟಿದ್ದರು. "ಏನಾದ್ರೂ ಮಾಡು, ಆಯಮ್ಮನ ಜೊತೆ ಮಾತ್ರ ಜಗಳ ಆಡ್ಬೇಡ ಕಣೇ. ಇನ್ನೊಂದು ಮನೆ ಹುಡುಕೋ ಶಕ್ತಿ ನನಗಿಲ್ಲ" ಎಂದು ನಮ್ಮ ಯಜಮಾನರು ಹಾಲು ಉಕ್ಕಿಸಿದ ದಿನವೇ ಹೇಳಿದ್ದರು.

ನಾನು ಜಗಳಗಂಟಿಯಲ್ಲ. ನನಗಿದ್ದದ್ದು ಉಪ್ಪಿನ ಹುಚ್ಚು. ಕಲ್ಲುಪ್ಪನ್ನು ಚಟಪಟ ಅನ್ನುವವರೆಗೆ ಹುರಿದು ಒಣಗಿದ ಕರಿಬೇವಿನ ಜೊತೆ ಕುಟ್ಟುತ್ತಿದ್ದೆ. ಹಸಿಮೆಣಸಿನಕಾಯಿ, ನಿಂಬೆಸಿಪ್ಪೆ ಸೇರಿಸಿ ಅರೆದು ಬಿಸಿಲಿಗಿಡುತ್ತಿದ್ದೆ. ಬೆಳ್ಳುಳ್ಳಿ ಉಪ್ಪಂತೂ ಮೊಸರನ್ನಕ್ಕೆ ಚಿಟಿಕೆ ಬಿದ್ದರೆ ಸಾಕು, ಯಜಮಾನರು ಪಲ್ಯ ಎಲ್ಲಿ ಎಂದು ಕೇಳುವುದನ್ನೇ ಮರೆಯುತ್ತಿದ್ದರು. ನನಗೆ ಬೇಕಾದದ್ದೂ ಅದೇ.

ಒಂದು ಬೆಳಿಗ್ಗೆ ಆ ಘಮ ಮಹಡಿ ಹತ್ತಿತು, ಜಯಮ್ಮನವರು ಕೆಳಗಿಳಿದರು. "ಏನಮ್ಮಾ ಅದು, ಘಮ್ ಅಂತದೆ? ಒಂಚೂರು ಕೊಡು ನೋಡಾನ." ನಾನು ಹಿಗ್ಗಿ, ಚಿಕ್ಕ ಡಬ್ಬಿ ತುಂಬಿಸಿ ಅವರ ಕೈಗಿಟ್ಟೆ. ಇಟ್ಟ ಮೇಲೆ ಇಬ್ಬರಿಗೂ ಹೊಳೆಯಿತು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಖಂಡಿತ, ನೆಲದ ಮೇಲಿಟ್ಟೇ ಕೊಡಬೇಕು. ಇದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? "ಅಯ್ಯೋ ಶಿವನೇ!" ಎಂದ ಜಯಮ್ಮನವರು ಸರಸರನೆ ಮೆಟ್ಟಿಲು ಹತ್ತಿದರು.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ರೇಡಿಯೋ ಸಣ್ಣಗೆ ಮಾಡಿದೆ. ಮೇಲಿನವರಿಗೆ ಘಾಟಾದೀತೆಂದು ಮೆಣಸಿನಕಾಯಿ ಹುರಿಯುವುದನ್ನೇ ಬಿಟ್ಟೆ. ಜಯಮ್ಮನವರ ಸದ್ದೂ ಇಲ್ಲ, ಸುಳಿವೂ ಇಲ್ಲ. "ಕೋಪ ಬಂದಿರ್ಬೇಕು ಕಣ್ರೀ" ಎಂದರೆ ಯಜಮಾನರು, "ಉಪ್ಪು ಮಾಡು ಅಂತ ಯಾರ್ ಅತ್ತಿದ್ರು ನಿಂಗೆ?" ಎಂದು ರೇಗಿ, ಹೆಗ್ಗನಹಳ್ಳಿ ಕಡೆ ಮನೆ ಖಾಲಿ ಇದೆಯೇ ಎಂದು ವಿಚಾರಿಸಲು ಸೈಕಲ್ ಹತ್ತಿದರು.

ನೀರು ಬಿಡುವ ಬೆಳಿಗ್ಗೆ ನಲ್ಲಿಯ ಹತ್ತಿರ ಎದುರುಬದುರಾದೆವು.

"ನೀವು ಹಿಡ್ಕೊಳ್ಳಿ ಅಮ್ಮಾ," ಎಂದೆ.

"ಬ್ಯಾಡ ಕಣಮ್ಮಾ, ನೀನೇ ಹಿಡ್ಕೊ."

"ಛೆ, ದೊಡ್ಡವರು ನೀವು."

"ಮಕ್ಕಳಿರೋ ಮನೆ ನಿಂದು, ಹಿಡ್ಕೊ ಅಂದ್ರೆ!"

ನಾನು ಅವರ ಬಿಂದಿಗೆ ಇಟ್ಟೆ. ಅವರು ಅದನ್ನು ಸರಿಸಿ ನನ್ನದನ್ನಿಟ್ಟರು. ನಾನು ಮತ್ತೆ ಸರಿಸಿದೆ. ನೀರೆಲ್ಲ ಚರಂಡಿಗೆ ಹರಿಯಿತು. ಕೊನೆಗೆ ನಲ್ಲಿ ಗೊರಗೊರ ಎಂದು ನಿಂತೇ ಹೋಯಿತು.

"ಹಿಡ್ಕೊ ಅಂದ್ನಲ್ಲ, ಏನಾಗಿತ್ತು ನಿಂಗೆ ದೊಡ್ಡರೋಗ?"

"ನಾನು ಮೊದ್ಲೇ ಹೇಳ್ಲಿಲ್ವಾ? ನೀವ್ಯಾಕೆ ಹಠ ಮಾಡಿದ್ರಿ?"

ಅಲ್ಲಿಂದ ಮುಂದೆ ಬೀದಿಯೆಲ್ಲ ಕೇಳುವಂತೆ ಜಗಳವಾಡಿದೆವು. ಒಳಗೆ ಬಂದವಳೇ, ಇನ್ನು ಮನೆ ಬಿಡಿಸುವುದು ಖಂಡಿತ ಎಂದು ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟತೊಡಗಿದೆ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಿಗೆ ಗಂಟು ಬಿಟ್ಟೆದ್ದು ತೆರೆದೆ. ಜಯಮ್ಮನವರು ನಿಂತಿದ್ದರು. ಕೈಯಲ್ಲಿ ನನ್ನ ಡಬ್ಬಿ.

"ಮುಗ್ದೋಯ್ತು ಕಣಮ್ಮಾ. ಆಗ್ಬೇಕಿದ್ದ ಜಗಳ ಆಗೋಯ್ತು, ಇನ್ನೇನ್ ಭಯ? ನೀವೆಲ್ಲಿ ಮುನಿಸ್ಕೊಂಡು ಮನೆ ಬಿಟ್ಟೋಗ್ತೀರೋ ಅಂತ ನನಗೆ ನಿದ್ದೇನೇ ಇಲ್ಲ. ಇನ್ನೊಂಚೂರು ಹಾಕ್ಕೊಡು" ಎಂದವರೇ, ಮಂಡಿ ನೋವಿದ್ದರೂ ಬಗ್ಗಿ ಡಬ್ಬಿಯನ್ನು ನೆಲದ ಮೇಲಿಟ್ಟರು.

ತುಂಬಿಸಿ ನಾನೂ ನೆಲದ ಮೇಲೇ ಇಟ್ಟೆ. ಎತ್ತಿಕೊಳ್ಳುವಾಗ ಅವರ ಕಣ್ಣು ನನ್ನ ಹಿಂದಿದ್ದ ಗಂಟಿನ ಮೇಲೆ ಬಿತ್ತು.

"ಇದೇನಮ್ಮಾ, ಪಾತ್ರೆ ಎಲ್ಲಾ ಗಂಟು ಕಟ್ಟಿದೀಯ?"

"ತೊಳೆಯೋಕೆ ಅಮ್ಮಾ" ಎಂದೆ.

ಮನೆಯಲ್ಲಿ ಒಂದು ಹನಿ ನೀರಿಲ್ಲವೆಂಬುದು ಅವರಿಗೂ ಗೊತ್ತಿತ್ತು.