ನನ್ನ ಹೆಂಡತಿಯ ಬೇಸರದ ಗೆರೆಗಳು

ವರ್ಷಗಟ್ಟಲೆ ಒಂದೇ ಮುಖ ನೋಡಿದ ಗಂಡನಿಗೆ ಕ್ರಮೇಣ ಆ ಮುಖ ಕಾಣಿಸುವುದೇ ನಿಂತುಹೋಗುತ್ತದೆ. ನನಗಂತೂ ನಿಂತುಹೋಗಿತ್ತು. ಹಾಗಾಗಿ ನನ್ನ ಹೆಂಡತಿ ಗಿರಿಜಾ ಒಂದು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ, ಬಳ್ಳಾರಿಗೆ ಹೋಗಿ ಮುಖದ ಗೆರೆಗಳಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತೇನೆ ಎಂದಾಗ ನಾನು ಕೇಳಿದ್ದು, "ಯಾವ ಗೆರಿ?" ಇದನ್ನು ಅವಳು ಪ್ರೀತಿಯ ಮಾತೆಂದು ತಿಳಿಯಬಹುದಿತ್ತು. ತಿಳಿಯಲಿಲ್ಲ.

ರಾಯದುರ್ಗದಲ್ಲಿ ನಮ್ಮದು ಸೀರೆ ಅಂಗಡಿ. ಬೋರ್ಡಿನ ಮೇಲೆ ಹೆಸರು ನನ್ನದು, ವ್ಯಾಪಾರವೆಲ್ಲ ಗಿರಿಜಾಳದು. ಮೂಗಿನ ಪಕ್ಕದಿಂದ ಬಾಯಿಯ ಕೊನೆಯವರೆಗೆ ಇಳಿದ ಎರಡು ಗೆರೆಗಳಿಂದ ಅವಳು ಸುಮ್ಮನೆ ಕೂತಿದ್ದರೂ ದುಃಖದಲ್ಲಿರುವಂತೆ ಕಾಣುತ್ತಿದ್ದಳಂತೆ. ಬಂದ ಗಿರಾಕಿಗಳು ಕನ್ನಡದಲ್ಲೂ ತೆಲುಗಿನಲ್ಲೂ ಯಾಕೆ ಬೇಸರ ಎಂದೇ ಮಾತು ಶುರುಮಾಡುತ್ತಿದ್ದರು. ಒಮ್ಮೆ ಮದುವೆ ಜವಳಿಗೆ ಬಂದವರೊಬ್ಬರು ದನಿ ತಗ್ಗಿಸಿ, ಮನೆಯಲ್ಲಿ ಯಾರು ತೀರಿಕೊಂಡರೆಂದು ಕೇಳಿದರು. ಯಾರೂ ಇಲ್ಲವೆಂದರೂ ನಂಬದೆ, ಸೂತಕದ ಮನೆಯಲ್ಲಿ ಧಾರೆ ಸೀರೆ ಬೇಡವೆಂದು ಎದ್ದುಹೋದರು. ಅಂದೇ ಗಿರಿಜಾ ನಿರ್ಧಾರ ಮಾಡಿದ್ದಳು.

ನಾನು ಸುಮ್ಮನಿರಬೇಕಿತ್ತು. ಆದರೆ ಸುಕ್ಕು ಎಂದರೆ ಬಾಳಿನ ಗುರುತು, ವಯಸ್ಸನ್ನು ಗೌರವದಿಂದ ಒಪ್ಪಿಕೊಳ್ಳಬೇಕು ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರ ನೀವು ತಲಿಗೆ ಬಣ್ಣ ಯಾಕ ಹಚ್ಕೋತೀರಿ?" ಎಂದಳು.

ನಾನು ಎದ್ದು ಬಳ್ಳಾರಿ ಬಸ್ಸಿನ ಹೊತ್ತು ವಿಚಾರಿಸಲು ಹೋದೆ.

ಚರ್ಮದ ಡಾಕ್ಟರಮ್ಮ ಆತುರದವರಲ್ಲ. ಯಾವ ಮಾತ್ರೆ ತಗೊಳ್ಳುತ್ತೀರಿ, ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಎಲ್ಲ ಕೇಳಿದರು. ಇದು ನಮ್ಮ ಚರ್ಮದಲ್ಲೇ ಇರುವಂಥ ಪದಾರ್ಥದ ಜೆಲ್, ಗೆರೆಯ ಕೆಳಗೆ ತುಂಬಿದರೆ ತಗ್ಗು ಮೇಲೇಳುತ್ತದೆ, ಕೆಲವು ತಿಂಗಳಲ್ಲಿ ತಾನಾಗಿ ಕರಗುತ್ತದೆ, ಬಾವು ಬರಬಹುದು, ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗಬಹುದು, ಆದ್ದರಿಂದ ಬ್ಯೂಟಿ ಪಾರ್ಲರಿನಲ್ಲಿ ಎಂದೂ ಮಾಡಿಸಬೇಡಿ ಎಂದರು. ಕೊನೆಗೆ ಕೈಗೆ ಕನ್ನಡಿ ಕೊಟ್ಟು, ಕಣ್ಣಿನ ಪಕ್ಕದ ಗೆರೆಗಳಿಗೂ ಏನಾದರೂ ಮಾಡಬೇಕೇ ಎಂದು ಕೇಳಿದರು. ಗಿರಿಜಾ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು.

"ಅವು ನಕ್ಕು ನಕ್ಕು ಬಂದಾವ್ರಿ, ಇರ್ಲಿ ಬಿಡ್ರಿ. ಅಳೋ ಗೆರಿ ಅಷ್ಟ ತುಂಬ್ರಿ."

ಇಷ್ಟು ಸ್ಪಷ್ಟವಾಗಿ ತನಗೇನು ಬೇಕೆಂದು ಬಲ್ಲವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನೇ ಎಂದು ಹೆಮ್ಮೆಪಡುತ್ತಿರುವಾಗಲೇ ಸೂಜಿ ಹೊರಬಂತು. ಆಮೇಲಿನದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ನಾನು ಬೆಂಚಿನ ಮೇಲೆ ಮಲಗಿದ್ದೆ, ನರ್ಸ್ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಚುಚ್ಚಿಸಿಕೊಂಡವಳು ಕೆನ್ನೆಗೆ ಐಸ್ ಒತ್ತಿಕೊಂಡು ಬಳಿ ನಿಂತು, ಆರಾಮ ಇದ್ದೀರಾ ಎಂದು ನನ್ನನ್ನು ವಿಚಾರಿಸುತ್ತಿದ್ದಳು.

ಕೆಲವು ದಿನ ಬಾವು ಇತ್ತು, ಒಂದು ಕಡೆ ಚರ್ಮ ನೀಲಿಗಟ್ಟಿತ್ತು. ಕೇಳಿದವರಿಗೆಲ್ಲ ಅವಳು ಇಂಜೆಕ್ಷನ್ ವಿಷಯ ನೇರವಾಗಿ ಹೇಳಿದಳು, ಸಂಕೋಚಪಟ್ಟವನು ನಾನು. ಬಾವು ಇಳಿದ ಮೇಲೆ ಯಾರೋ ಬೇರೆ ಹೆಂಗಸು ಕಾಣುತ್ತಾಳೆಂದು ಹೆದರಿದ್ದೆ. ಇಲ್ಲ, ಗಿರಿಜಾಳೇ ಇದ್ದಳು, ಚೆನ್ನಾಗಿ ನಿದ್ದೆ ಮಾಡಿ ಎದ್ದ ಗಿರಿಜಾ. ಎಷ್ಟೋ ವರ್ಷಗಳ ಮೇಲೆ ಆ ಮುಖವನ್ನು ನಿಂತು ನೋಡಿದೆ. ನೋಡುತ್ತಲೇ ಇದ್ದುದರಿಂದ, ಏನಾದರೂ ಮೆತ್ತಿದೆಯೇ ಎಂದು ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

ಮೊನ್ನೆ ಬೆಳುಗುಪ್ಪದಿಂದ ಹಳೆಯ ಗಿರಾಕಿಯೊಬ್ಬಳು ಬಹಳ ದಿನದ ಮೇಲೆ ಬಂದಳು. ನಾನು ಒಳಗೆ ಪರದೆಯ ಹಿಂದೆ ಸೀರೆ ಮಡಚುತ್ತಿದ್ದೆ. ಆಕೆ ಗಿರಿಜಾಳನ್ನು ಕಣ್ತುಂಬ ನೋಡಿ, "ಏನ್ರಿ ಅಕ್ಕಾರ, ಮುಖ ಇಷ್ಟು ಗೆಲುವಾಗ್ಯದ? ಯಜಮಾನ್ರು ಊರಾಗಿಲ್ಲೇನ್ರಿ?" ಎಂದಳು.

ಇಲ್ಲೇ ಒಳಗಿದ್ದಾರೆ ಎಂದು ಗಿರಿಜಾ ನಕ್ಕಳು.

ಆಕೆ ದನಿ ತಗ್ಗಿಸಿದಳು. "ಅವ್ರು ಇದ್ದೂ ಹಿಂಗದೀರಂದ್ರ, ನೀವು ಭಾಳ ಗಟ್ಟಿ ಬಿಡ್ರಿ."

ಕೆಮ್ಮಿ ನಾನಿರುವುದನ್ನು ತಿಳಿಸಬೇಕೆಂದುಕೊಂಡೆ. ಆದರೆ ಆಕೆ ಹೇಳಿದ್ದರಲ್ಲಿ ತಪ್ಪು ಯಾವುದೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಸದ್ದಿಲ್ಲದೆ ಇನ್ನೊಂದು ಸೀರೆ ಮಡಚಿದೆ.