ಮಾವ ಬಾಯಿಗೆ ಟವೆಲು ಕಟ್ಟಿದ ಕತೆ

ನಮ್ಮ ಸೋದರಮಾವ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾರೆ ಎಂದು ಊರೆಲ್ಲ ನಂಬಿತ್ತು. ಸುಳ್ಳು! ಮಕ್ಕಳ ಪಾಲಿನ ಇಂಗ್ಲಿಷನ್ನೂ ಅವರೇ ಮಾತಾಡಿ ಮುಗಿಸುತ್ತಿದ್ದರು. ಅದೇ ಶಾಲೆಯಲ್ಲಿ, ಗೋಡೆಯಾಚೆ ಲೆಕ್ಕ ಹೇಳಿಕೊಡುವ ನನಗೇ ಅವರ ಪಾಠಗಳು ಬಾಯಿಪಾಠವಾಗಿವೆ ಎಂದರೆ ನೋಡಿ!

ಹೋದ ವರ್ಷ ತಾಳವಾಡಿಯಲ್ಲಿ ತರಬೇತಿ ಮುಗಿಸಿ ಬಂದವರೇ, "ಇನ್ಮೇಲೆ ತರಗತೀನ ತಲೆಕೆಳಗು ಮಾಡ್ತೀನಿ" ಎಂದು ಸಾರಿದರು. ಅಂದರೆ, ಮಕ್ಕಳು ಪಾಠವನ್ನು ಮನೆಯಲ್ಲೇ ವಿಡಿಯೋದಲ್ಲಿ ಕೇಳಬೇಕು, ಶಾಲೆಗೆ ಬಂದು ಓದಬೇಕು. ಮರುದಿನವೇ ಒಬ್ಬ ಅಜ್ಜಿ ಹಾಜರು!

"ಯಾನ ಸಾರ್, ಮಕ್ಕಳ್ನ ತಲೆಕೆಳಗ ನೇತಾಕ್ತೀರಂತಲ್ಲ? ಉಣ್ಸಿ ಕಳಿಸ್ಲಾ, ಬ್ಯಾಡ್ವಾ?"

ಮೊದಲ ವಿಡಿಯೋ ತೆಗೆದದ್ದು ದನದ ಕೊಟ್ಟಿಗೆಯಲ್ಲಿ. ಬೆಳಕು ಅಲ್ಲೇ ಚೆನ್ನಂತೆ! ಮಾವ "ದಿ ಕ್ಯಾಟ್ ಸ್ಯಾಟ್" ಎಂದಾಗಲೆಲ್ಲ ಹಿಂದಿನಿಂದ ಹಸು "ಅಂಬಾ" ಎನ್ನುತ್ತಿತ್ತು. ಮರುದಿನ ಇಡೀ ತರಗತಿ ಒಕ್ಕೊರಲಿನಿಂದ ಓದಿತು: "ದಿ ಕ್ಯಾಟ್ ಸ್ಯಾಟ್ ಅಂಬಾ!"

"ಅಂಬಾ ಎಲ್ಲಿ ಅದ್ರಲಾ ಪುಸ್ತಕದಲ್ಲಿ?"

"ನೀವೇ ಏಳ್ಕೊಟ್ಟಿದ್ದು ಸಾರ್!"

ಇನ್ನು ತರಗತಿಯಲ್ಲಿ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರಬೇಕಂತೆ. ಯಾರಿಗೆ ಈ ನಿಯಮ? ಶಾಲೆಯಂಗಳಕ್ಕೆ ಆನೆ ಬಂದಾಗಲೂ ಪಾಠ ನಿಲ್ಲಿಸದ ನಮ್ಮ ಮಾವನಿಗೆ! ಮಗು ಒಂದು ಪದಕ್ಕೆ ತಡವರಿಸಿದರೆ ಇವರು ಇಡೀ ಪುಟ ಓದಿಬಿಡುವರು. ಕೊನೆಗೆ ಬಾಯಿಗೆ ಟವೆಲು ಬಿಗಿದುಕೊಂಡು ಕೂತರು. ಹಲ್ಲುನೋವೆಂದು ತಿಳಿದು ಮೂರು ಮನೆಗಳಿಂದ ಲವಂಗ ಬಂತು. ಒಬ್ಬರು ದೃಷ್ಟಿಯನ್ನೂ ತೆಗೆದು ಹೋದರು! ಅತ್ತೆ ಮಾತ್ರ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಮನೆಗೂ ಅಂಗೇ ಕಟ್ಕಂಡು ಬರಕ ಏಳವ್ವ."

ಆ ವಾರವೇ ಒಂದು ದಿನ ಪಕ್ಕದ ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಗಾಬರಿಯಾಗಿ ಇಣುಕಿದೆ. ಮಾದೇವಿ ಪುಸ್ತಕ ಹಿಡಿದು ನಿಂತಿದ್ದಳು. ಮಾತು ತೊದಲುವ ಹುಡುಗಿ. ಅವಳ ಸರದಿ ಬಂದಾಗಲೆಲ್ಲ ಪಾಪ ಎಂದು ಮಾವನೇ ಓದಿ ಕೂರಿಸುತ್ತಿದ್ದರು. ಈಗ ಅವಳೇ ಓದುತ್ತಿದ್ದಳು. ಒಂದು ಪದ, ಒಂದು ಉಸಿರು, ಮತ್ತೊಂದು ಪದ. ಊಟದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ನಾಲ್ಕೇ ಸಾಲು ಮುಗಿಸಿ, ಬೆವರೊರೆಸಿಕೊಂಡು ಕೇಳಿದಳು: "ನಾ... ನಾಳೀಕೂ ಓದ್ಲಾ ಸಾರ್?"

ಮಾವ ಟವೆಲು ಬಿಚ್ಚದೆಯೇ ಹೂಂ ಎಂದು ತಲೆಯಾಡಿಸಿದರು.

ಸಂಜೆ ಮಾವ ನನ್ನ ಜೊತೆ ಮನೆಗೆ ಹೊರಟರು. ಹುರುಳಿ ಹೊಲದ ತಿರುವಿನಲ್ಲಿ ನಿಂತುಬಿಟ್ಟರು.

"ಇಷ್ಟ್ ವರ್ಸ ಅವಳ್ದೂ ನಾನೇ ಓದ್ಬುಟ್ನಲ್ಲವ್ವಾ," ಎಂದರು. "ವಸಿ ಕಾದಿದ್ರ ಸಾಕಾಗಿತ್ತು."