ಪರೀಕ್ಷೆಯ ಕಿಟಕಿಯಾಚೆ ಅತ್ತೆಯ ಕೆಮ್ಮು

ಗಣಿತದಲ್ಲಿ ನಾನು ಜಾಣೆ ಎಂಬುದು ನನ್ನ ತವರು ಸರಸಂಬಾದಲ್ಲಿ ಎಲ್ಲರೂ ಒಪ್ಪಿದ ಸಂಗತಿ. ಆದ್ದರಿಂದ ಬಿ.ಎಸ್ಸಿ. ಕೊನೆಯ ವರ್ಷ ಬೇರೆಲ್ಲ ಪೇಪರುಗಳಲ್ಲಿ ಪಾಸಾಗಿ ವೆಕ್ಟರ್ ಕ್ಯಾಲ್ಕುಲಸ್ ಒಂದರಲ್ಲಿ ಮಾತ್ರ ಫೇಲಾದಾಗ, ತಪ್ಪು ನನ್ನದಲ್ಲ, ವೆಕ್ಟರುಗಳದೇ ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಮದುವೆಯಾಗಿ ಜೇವರ್ಗಿಗೆ ಸೊಸೆಯಾಗಿ ಬಂದೂ ಆಗಿತ್ತು. ಇದು ಎಂಬತ್ತರ ದಶಕದ ಮಾತು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ, "ಗಣಿತಕ್ಕ ಟೀಚರ್ ಇಲ್ಲಬೇ. ಈ ವರ್ಷದಾಗ ಪಾಸಾಗಿ ಬಾ, ನೌಕರಿ ನಿಂದ. ಮುಂದಿನ ವರ್ಷದ ತನಕ ಕಾಯಾಂಗಿಲ್ಲ ನೋಡು" ಎಂದುಬಿಟ್ಟರು. ರೊಟ್ಟಿ ಬಡಿಯುವ ಕೈಯಲ್ಲಿ ಸೀಮೆಸುಣ್ಣ ಹಿಡಿಯಬೇಕೆಂಬ ಆಸೆ ನನಗೆ ಬೆಟ್ಟದಷ್ಟಿತ್ತು.

ಆ ಬೇಸಿಗೆಯಲ್ಲಿ ಕಲಬುರ್ಗಿಯ ವಿಶ್ವವಿದ್ಯಾಲಯದಲ್ಲಿ ನನ್ನಂಥ ಫೇಲಾದವರಿಗಾಗಿಯೇ ಒಂದು ಕೋರ್ಸು ಶುರುವಾಯಿತು. ಹೋಗಿ ಬರೋಣ, ಪಾಸಾಗೋಣ, ಅದರಲ್ಲೇನು ಮಹಾ! ಯಜಮಾನರೂ ಒಪ್ಪಿದರು. ಅತ್ತೆಯೂ ಒಪ್ಪಿದರು. ಆದರೆ ತಾವೂ ಜೊತೆಗೆ ಹೊರಟು ನಿಂತರು!

"ಹರೇದ ಸೊಸಿನ ಒಬ್ಬಾಕಿನ್ನ ಬಸ್ಸಿಗೆ ಹತ್ತಿಸಿ ಮನ್ಯಾಗ ಕುಂತರ ನನಗ ರೊಟ್ಟಿ ಇಳೀತದೇನು?"

"ಅವ್ವಾ, ಅಲ್ಲಿ ಲೆಕ್ಕ ಕಲಿಸ್ತಾರ. ನೀ ಏನ್ ಮಾಡ್ತಿ?" ಎಂದರು ಯಜಮಾನರು.

"ಬತ್ತಿ ಹೊಸೀತೇನಿ!"

ಹಾಗೆಯೇ ಆಯಿತು. ಮೊದಲ ದಿನವೇ ಅತ್ತೆ ಅರಳೆಯ ಗಂಟು ಬಿಚ್ಚಿ ಹಿಂದಿನ ಬೆಂಚಿನಲ್ಲಿ ಕುಳಿತರು. ಪಾಠ ಹೇಳುತ್ತಿದ್ದವರು ಖಾದರ್ ಸಾಹೇಬರು. ಕನ್ನಡಕ ಸರಿಮಾಡಿಕೊಂಡು, "ಅಮ್ಮಾ, ನೀವು ಯಾವ ಸಬ್ಜೆಕ್ಟಿನಾಗ ಫೇಲ್?" ಎಂದು ಕೇಳಿದರು.

"ನಾ ಒಂದನೇತ್ತಕ್ಕೂ ಹೋಗಿಲ್ರಿ ಸಾಹೇಬ್ರ, ಫೇಲ್ ಎಲ್ಲಿಂದ ಆಗ್ಲಿ?"

"ಹಾಂಗಾದ್ರ ಈ ಕ್ಲಾಸಿನಾಗ ಎಲ್ಲಾರಕಿಂತ ನಿಮ್ದೇ ರೆಕಾರ್ಡ್ ಛಲೋ ಅದ. ಆರಾಮ ಕೂಡ್ರಿ!"

ಇಲ್ಲಿ ನನ್ನ ಒಂದು ಗುಟ್ಟು ಹೇಳಬೇಕು. ನಾನು ಹುಟ್ಟು ಎಡಚಿ. ಶಾಲೆಯ ಮಾಸ್ತರರ ಛಡಿಯ ಪ್ರಸಾದದಿಂದ ಪೆನ್ನು ಬಲಗೈಗೆ ಬಂದಿತ್ತು, ಉಳಿದ ಕಾರಭಾರವೆಲ್ಲ ಎಡಗೈಯದೇ. ಮದುವೆಯಾದ ಹೊಸದರಲ್ಲಿ ಬೀಗರ ತಾಟಿಗೆ ಎಡಗೈಯಿಂದ ಹೋಳಿಗೆ ನೀಡಲು ಹೋಗಿದ್ದೆ. ನಮ್ಮ ಅತ್ತೆ ಮಂದಿಯ ಮುಂದೆ ಸೊಸೆಯನ್ನು ಬೈಯುವವರಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ ಕೆಮ್ಮಿದರು. ಹೋಳಿಗೆ ಬಲಗೈಗೆ ಹಾರಿತು. ಅಂದಿನಿಂದ ನಮ್ಮಿಬ್ಬರ ನಡುವೆ ಅದೇ ಕಾಯಿದೆ.

ಮರುದಿನ ಸಾಹೇಬರು ಬಲಗೈ ನಿಯಮ ಹೇಳಿಕೊಟ್ಟರು. ವೆಕ್ಟರ್ ಎಂದರೆ ದಿಕ್ಕು ತೋರುವ ಬಾಣ. ಬಲಗೈಯ ಬೆರಳುಗಳನ್ನು ಒಂದು ಬಾಣದಿಂದ ಇನ್ನೊಂದರ ಕಡೆ ಮಡಚಬೇಕು. ಹೆಬ್ಬೆರಳು ಎತ್ತ ನಿಲ್ಲುತ್ತದೋ ಅತ್ತ ಉತ್ತರ. ಎಡಗೈಯಿಂದ ಮಾಡಿದಿರೋ, ಪ್ಲಸ್ ಇದ್ದದ್ದು ಮೈನಸ್! "ನೀವು ಮಾಡಿ ತೋರಸ್ರಿ" ಎಂದು ನನ್ನನ್ನು ಎಬ್ಬಿಸಿದರು. ಬಲಗೈಯಲ್ಲಿ ಪೆನ್ನಿತ್ತು. ಖಾಲಿ ಇದ್ದ ಎಡಗೈ ತಾನಾಗಿಯೇ ಎದ್ದಿತು.

ಹಿಂದಿನ ಬೆಂಚಿನಿಂದ, "ಕ್ಹೂಂ!"

ಪೆನ್ನು ಬಿದ್ದಿತು, ಬಲಗೈ ಎದ್ದಿತು. "ಶಾಬಾಸ್!" ಎಂದರು ಸಾಹೇಬರು. ಅತ್ತೆಗೆ ವೆಕ್ಟರಿನ ಗಂಧಗಾಳಿ ಇರಲಿಲ್ಲ. ಹಿರಿಯರ ಮುಂದೆ ಸೊಸೆ ಎಡಗೈ ಎತ್ತಬಾರದು, ಅಷ್ಟೇ ಅವರ ಚಿಂತೆ. ಆಮೇಲೆ ದಿನವೂ ಇದೇ ಕಥೆ. ಅವರು ಕೆಮ್ಮುವುದು, ನಾನು ಕೈ ಬದಲಿಸುವುದು, ಗೆಳತಿಯರು ಕಿಸಕ್ಕನೆ ನಗುವುದು. ನನಗೆ ನಾಚಿಕೆಯಿಂದ ಸಾಕಾಗಿಹೋಯಿತು.

ಬಸ್ಸಿನಲ್ಲಿ ಒಂದು ದಿನ ಹೇಳಿಯೇಬಿಟ್ಟೆ: "ಅತ್ತಿ, ಅದು ಊಟದ ಪಂಕ್ತಿ ಅಲ್ರಿ, ಲೆಕ್ಕ!"

"ಲೆಕ್ಕಕ್ಕ ಎಡಗೈ ನಡೀತದೇನು?"

ಸಾಹೇಬರ ಪ್ರಕಾರವೂ ನಡೆಯುತ್ತಿರಲಿಲ್ಲ!

ಪರೀಕ್ಷೆಯ ದಿನ ಬಂತು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ! ಅತ್ತೆ ಅರಳೆಯ ಗಂಟಿನೊಡನೆ ದೂರದ ಬೇವಿನ ಮರದ ಕೆಳಗೆ ಉಳಿದರು. ನನಗಾದ ಆನಂದವನ್ನು ಏನೆಂದು ಬಣ್ಣಿಸಲಿ! ಕೆಮ್ಮಿಲ್ಲ, ಕಿಸಕ್ಕಿಲ್ಲ. ಬಲಗೈ ಬರೆಯಿತು, ಎಡಗೈ ಸಡಗರದಿಂದ ದಿಕ್ಕು ತೋರಿಸಿತು. ಎಲ್ಲರಿಗಿಂತ ಮೊದಲು ಎದ್ದು ಬಂದು, "ಅತ್ತಿ, ಫಸ್ಟ್ ಕ್ಲಾಸ್ ಪಕ್ಕಾ!" ಎಂದು ಘೋಷಿಸಿದೆ. ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ಪೇಢೆ ಕೊಡಿಸಿದರು.

ಫಲಿತಾಂಶ ಬಂತು. ಫೇಲ್!

ಇಬ್ಬರೂ ಸಾಹೇಬರ ಬಳಿ ಓಡಿದೆವು. ಅವರು ಪಾಪ, ನನ್ನ ಉತ್ತರಪತ್ರಿಕೆ ತರಿಸಿ ನೋಡಿ, ಹಣೆ ಒತ್ತಿಕೊಳ್ಳುತ್ತ, "ಲೆಕ್ಕ ಎಲ್ಲಾ ಬರೋಬ್ಬರಿ ಮಾಡೀರಿ. ಖರೆ ದಿಕ್ಕು ಎಲ್ಲಾ ಉಲ್ಟಾ ಆಗ್ಯಾವ. ಹಿಂಗ್ಯಾಕ ಆಯ್ತು?" ಎಂದರು. ನಾನು ನನ್ನ ಎಡಗೈಯನ್ನು ನೋಡಿಕೊಂಡೆ. ಅದು ಏನೂ ಗೊತ್ತಿಲ್ಲದಂತೆ ಸೆರಗಿನ ಚುಂಗು ತಿರುವುತ್ತಿತ್ತು.

ಬಸ್ಸಿನಲ್ಲಿ ಕುಳಿತದ್ದೇ ಅಳು ಒತ್ತರಿಸಿ ಬಂತು. ಅತ್ತೆಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಬೈಯುತ್ತಾರೆಂದುಕೊಂಡರೆ, ಸೆರಗಿನಿಂದ ನನ್ನ ಮುಖ ಒರೆಸಿದರು.

"ಅಳಬ್ಯಾಡ ಬೇ ನನ್ನವ್ವ. ತಪ್ಪು ನಂದೇ ಅದ. ಅಷ್ಟು ದೂರ ಬಂದಾಕಿ ಗಿಡದ ಬುಡಕ ಯಾಕ ಕುಂತೆ? ಇನ್ನೊಮ್ಮಿ ಕಿಟಕಿ ಹತ್ತರನೇ ಕೂಡ್ತೇನಿ, ನಿನ್ನ ಕೈ ಕಾಣೂಹಂಗ."

ಹೆತ್ತ ತಾಯಿಯೂ ಹೀಗೆ ಹೇಳುತ್ತಿದ್ದಳೋ ಇಲ್ಲವೋ! ಆ ಕೆಮ್ಮಿಗೆ ನಾಚಿಕೊಂಡಿದ್ದಕ್ಕೆ ಆ ಹೊತ್ತು ನನಗೇ ನಾಚಿಕೆಯಾಯಿತು.

ಚಳಿಗಾಲದಲ್ಲಿ ಮತ್ತೊಂದು ಪರೀಕ್ಷೆ. ಅದೇ ಕೊನೆಯ ಅವಕಾಶ. ಅತ್ತೆ ಕೊಟ್ಟ ಮಾತಿನಂತೆ ಕಿಟಕಿಯ ಹತ್ತಿರವೇ ಚಾದರ ಹೊದ್ದು ಕುಳಿತರು. ಮೊದಲ ಲೆಕ್ಕಕ್ಕೆ ಎಡಗೈ ಎದ್ದಿತು. "ಕ್ಹೂಂ!" ಬಲಗೈಗೆ ಬದಲಿಸಿದೆ. "ಕ್ಹೂಂ!" ಅರೆ, ಇದೂ ತಪ್ಪೇ? ಎಡಗೈಗೆ ಬಂದೆ. "ಕ್ಹೂಂ ಕ್ಹೂಂ!" ಎರಡು ಕೆಮ್ಮೆಂದರೆ ಬದಲಿಸಿ ಮತ್ತೆ ಬದಲಿಸಬೇಕೇ? ಬೆಳಗಿನ ಬಸ್ಸಿನ ಗಾಳಿಗೆ ಅತ್ತೆಗೆ ನಿಜವಾಗಿಯೇ ನೆಗಡಿ ಹಿಡಿದಿತ್ತು!

ಮೇಲ್ವಿಚಾರಕರು ಹತ್ತಿರ ಬಂದರು. "ಏನಮ್ಮಾ, ಕೈಗೆ ಏನಾಗ್ಯಾದ?"

"ಕೈಗೆ ಏನೂ ಆಗಿಲ್ರಿ, ಅತ್ತ್ಯಾರು ಕೆಮ್ಮಾಕತ್ತಾರ್ರಿ!"

ಅವರು ನನ್ನ ಮುಖ ನೋಡಿ ಮುಂದೆ ಹೋದರು. ಕೊನೆಗೆ ನಾನು ಎಡಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಗಟ್ಟಿಯಾಗಿ ಕುಳಿತೆ. ಪ್ರತಿ ಸಲ ಪೆನ್ನು ಕೆಳಗಿಟ್ಟು ಬಲಗೈ ಎತ್ತಿದೆ, ಮತ್ತೆ ಪೆನ್ನು ಹಿಡಿದೆ. ಹೊರಗೆ ಬಂದಾಗ ಎಡಗೈ ಜೋಮು ಹಿಡಿದು ಜೋಲಾಡುತ್ತಿತ್ತು. ಅತ್ತೆ ಕೆಮ್ಮುತ್ತಲೇ ದಾರಿಯುದ್ದಕ್ಕೂ ಅದನ್ನು ತಿಕ್ಕಿದರು.

ಅಂತೂ ಪಾಸಾದೆ. ಫಸ್ಟ್ ಕ್ಲಾಸಲ್ಲ, ಕುತ್ತಿಗೆ ಮಟ್ಟಕ್ಕೆ ನೀರು ಬಂದು ನಿಂತಂಥ ಪಾಸು. ಅತ್ತೆ ಮಾತ್ರ ಓಣಿಯ ಮನೆಮನೆಗೂ ಸಕ್ಕರೆ ಹಂಚಿ, "ನಾವು ಪಾಸಾದ್ವಿ" ಎಂದೇ ಹೇಳಿದರು. ಯಾರೂ ತಿದ್ದಲಿಲ್ಲ. ನಾನಂತೂ ತಿದ್ದುವ ಸ್ಥಿತಿಯಲ್ಲಿರಲಿಲ್ಲ.

ಈಗ ಅತ್ತೆ ಇಲ್ಲ. ನಾನು ಅದೇ ಶಾಲೆಯಲ್ಲಿ ಗಣಿತದ ಮೇಡಂ. ಹಿಂದಿನ ಬೆಂಚಿನಲ್ಲಿ ಯಾವ ಹುಡುಗಿ ಕೆಮ್ಮಿದರೂ ನನ್ನ ಎಡಗೈ ಸರಕ್ಕನೆ ಬೆನ್ನ ಹಿಂದೆ ಹೋಗುತ್ತದೆ. ಮೇಡಂರದು ಭಾರಿ ಶಿಸ್ತು ಎಂದು ಹುಡುಗಿಯರು ಮಾತಾಡಿಕೊಳ್ಳುತ್ತಾರಂತೆ. ಯಾರೂ ಕೆಮ್ಮದ ದಿನ, ಬೋರ್ಡಿನ ಮೇಲೆ ಉತ್ತರ ಬರೆಯುವ ಮೊದಲು, ನಾನೇ ಒಂದು ಸಲ ಕೆಮ್ಮಿಕೊಳ್ಳುತ್ತೇನೆ.